ಸೀಮೆಸುಣ್ಣದ ಗುರುತಿಗೆ ಅತ್ತವರು

ಬಂಗುಡೆಯ ಹೊಟ್ಟೆ ಸೀಳಿ ಕರುಳು ತೆಗೆಯುತ್ತಿದ್ದೆ. ಕೆಳಮನೆಯ ತಂಗಿ ಹೊರಗಿನ ಮೆಟ್ಟಿಲು ಹತ್ತಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಒಳಗೆ ಬರಲಿಲ್ಲ. ಬುರ್ಖಾ ಕೂಡ ತೆಗೆದಿರಲಿಲ್ಲ. ಮೆಡಿಕಲ್ ತಪಾಸಣೆಗೆಂದು ಬೆಳಿಗ್ಗೆ ಹೋದವಳು ತನ್ನ ಮನೆಯ ಬೀಗ ತೆಗೆಯದೆ ನೇರ ಮೇಲೆಯೇ ಬಂದಿದ್ದಳು.

"ಅಕ್ಕ, ಎಕ್ಸ್‌ರೇ ಪುನಃ ತೆಗೀಬೇಕಂತೆ."

"ಎಂತಕ್ಕೆ? ಮೆಷಿನ್ ಸರಿ ಇಲ್ವಂತಾ?"

"ಮೆಷಿನ್ ಸರಿ ಉಂಟು. ನಾನೇ ಸರಿ ಇಲ್ಲ. ಎದೆಯಲ್ಲಿ ಎಂತದೋ ಗುರುತು ಕಾಣ್ತದಂತೆ."

ಮೀನಿನ ಕೈ ಎತ್ತಿ ಹಿಡಿದುಕೊಂಡೇ ಕೇಳಿದೆ, ಸಣ್ಣವಳಿರುವಾಗ ಏನಾದರೂ ಆಗಿತ್ತಾ ಎಂದು. ಅವಳು ಮೆಟ್ಟಿಲ ಕಡೆಗೊಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದಳು.

"ಒಂಬತ್ತು ವರ್ಷ ಆಗಿರುವಾಗ ಕೆಮ್ಮು ಬಂದು ಸರಕಾರಿ ಆಸ್ಪತ್ರೆಯ ಗುಳಿಗೆ ಆರು ತಿಂಗಳು ತಿಂದಿದ್ದೆ. ಮತ್ತೆ ಎಂತದೂ ಇಲ್ಲ. ಯಾರಿಗೂ ಹೇಳ್ಬೇಡ, ಮದುವೆಗೆ ತೊಂದರೆ ಆಗ್ತದೆ ಅಂತ ಉಮ್ಮ ಹೇಳಿದ್ರು. ಗಂಡನಿಗೂ ಹೇಳಿಲ್ಲ ಅಕ್ಕ. ನಿಮಗೇ ಮೊದಲು ಹೇಳುದು."

ಗಲ್ಫಿನ ಊರಾದ ಅಲ್ ಹೈಲ್‌ನ ಆ ಮನೆಯಲ್ಲಿ ಮೇಲೆ ನಾವು, ಕೆಳಗೆ ಅವರು. ನಾವು ಕೊಂಕಣಿ ಮಾತಾಡುವ ಕ್ರೈಸ್ತರು, ಅವರು ಬ್ಯಾರಿಗಳು. ಟೆರೇಸಿನ ಬಟ್ಟೆಯ ಹಗ್ಗ ಇಬ್ಬರಿಗೂ ಒಂದೇ, ನಡುವಿನ ಮಾತು ಕನ್ನಡ. ಅವಳ ಗಂಡನಿಗೆ ಬರ್ಕಾದಲ್ಲಿ ಬಟ್ಟೆಯ ಅಂಗಡಿ. ಬೆಳಿಗ್ಗೆ ಹೋದರೆ ಬರುವುದು ರಾತ್ರಿ ಊಟಕ್ಕೆ. ಮಗಳು ಮೂರನೇ ಕ್ಲಾಸು. ಎರಡು ವರ್ಷಕ್ಕೊಮ್ಮೆ ರೆಸಿಡೆಂಟ್ ಕಾರ್ಡ್ ಹೊಸದು ಮಾಡುವಾಗ ನಮಗೆಲ್ಲ ರಕ್ತ ಕೊಡುವುದು, ಎದೆಯ ಎಕ್ಸ್‌ರೇ ತೆಗೆಸುವುದು ಇದ್ದದ್ದೇ. ಹಿಂದಿನ ಸಲ ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಈ ಸಲ ಮೂರು ದಿನ ಬೆಳಿಗ್ಗೆ ಕಫ ಕೊಡಬೇಕು, ಆಮೇಲೆ ಫೋನ್ ಬರುವ ತನಕ ಕಾಯಬೇಕು ಎಂದರಂತೆ. ಫೇಲಾದರೆ ಊರಿಗೆ ಕಳಿಸುತ್ತಾರೆ ಎಂಬುದು ಅವಳ ಹೆದರಿಕೆ. ಅವಳು ಹೋದರೆ ಮಗಳೂ ಹೋಗಬೇಕು, ಅಂಗಡಿಯಲ್ಲಿ ಕೂತವನು ಮಗುವನ್ನು ಹೇಗೆ ನೋಡಿಕೊಂಡಾನು? ಗಂಡ ಇಲ್ಲಿ, ಹೆಂಡತಿ ಮಗು ಅಲ್ಲಿ. ಇರುವ ಒಂದು ಸಂಸಾರ ಎರಡಾಗುವ ಮಾತು ಅದು.

ಅವಳಿಗೆ ಕೆಮ್ಮಿರಲಿಲ್ಲ, ಜ್ವರವಿರಲಿಲ್ಲ, ಮಗು ಗುಂಡಗೆ ಇತ್ತು. ಅಷ್ಟಕ್ಕೆ ದೇವರಿಗೆ ಸ್ತೋತ್ರ ಹೇಳಿ ಬಂಗುಡೆ ತೊಳೆದೆ.

ಇನ್ನು ನಮ್ಮ ಓದುಗರ ಬಳಗದ ವಿಷಯ. ಅಲ್ ಹೈಲ್, ಅಲ್ ಅಜೈಬಾ ಕಡೆಯ ಹತ್ತು ಹನ್ನೆರಡು ಕನ್ನಡದ ಹೆಂಗಸರು ತಿಂಗಳಿಗೊಂದು ಶುಕ್ರವಾರ ಊಟವಾದ ಮೇಲೆ ಅಜೈಬಾದ ಒಂದು ದೊಡ್ಡ ಮನೆಯಲ್ಲಿ ಸೇರುತ್ತೇವೆ. ಮನೆ ಅಧ್ಯಕ್ಷೆಯದು. ಘಟ್ಟದ ಮೇಲಿನವರು, ದೊಡ್ಡ ಕಂಪೆನಿಯ ಮ್ಯಾನೇಜರರ ಹೆಂಡತಿ, ಓದಿಕೊಂಡವರು. ಓದಿಕೊಂಡವರೆಂದು ನಮಗೆ ಮರೆತುಹೋಗದ ಹಾಗೆ ಅವರೇ ನೋಡಿಕೊಳ್ಳುತ್ತಾರೆ. ಆ ವರ್ಷ 'ವಲಸೆಯ ಸಂವೇದನೆ' ಎಂದು ಒಂದು ವಿಷಯ ಹಿಡಿದು, ಯುರೋಪಿನಿಂದ ಸಮುದ್ರ ದಾಟಿ ಅಮೆರಿಕಕ್ಕೆ ಹೋದ ಯಹೂದಿಗಳ ಮೂರು ಕಾದಂಬರಿಗಳನ್ನು ಕನ್ನಡದಲ್ಲಿ ತರಿಸಿ ಹಂಚಿದರು.

ನನ್ನ ಓದು ನಿಧಾನ. ಆದರೂ ಮೂರನ್ನೂ ಮುಗಿಸಿದೆ. ಒಂದರಲ್ಲಿ ದರ್ಜಿ, ಒಂದರಲ್ಲಿ ಗಂಟು ಹೊತ್ತು ಮನೆಮನೆಗೆ ಮಾರುವವನು, ಒಂದರಲ್ಲಿ ಮಕ್ಕಳನ್ನು ಕಟ್ಟಿಕೊಂಡು ಹೋದ ತಾಯಿ. ಮೂರರಲ್ಲೂ ಹಿಮ ಬೀಳುತ್ತದೆ. ಮೂರರಲ್ಲೂ ಶುಕ್ರವಾರ ಸಂಜೆ ಹಚ್ಚುವ ಬೆಳ್ಳಿಯ ದೀಪದ ಕಂಬ ಉಂಟು, ಹೊಟ್ಟೆಗಿಲ್ಲದಾಗ ಅದನ್ನು ಒತ್ತೆ ಇಡುತ್ತಾರೆ. ಮೂರರಲ್ಲೂ ಕಡೆಗೆ ಮಗನೋ ಮೊಮ್ಮಗನೋ ಪ್ರೊಫೆಸರನಾಗಿ, ಬದುಕಿದ್ದಾಗ ನಾಚಿಕೆಪಟ್ಟ ಅಜ್ಜಿಯನ್ನು ಸತ್ತ ಮೇಲೆ ನೆನೆದು ಅಳುತ್ತಾನೆ. ಅಜ್ಜಿ ಕಣ್ಣು ಹೋಗುವ ತನಕ ಬಟ್ಟೆ ಹೊಲಿದಳು, ಮೊಮ್ಮಗ ಅದನ್ನು ಬರೆದು ಹೆಸರು ಮಾಡಿದ, ನಮ್ಮ ಅಧ್ಯಕ್ಷೆ ಸೋಫಾದ ಮೇಲೆ ಕಾಲು ಮಡಚಿ ಕೂತು ಅದಕ್ಕೆ ಕಣ್ಣೀರು ಹಾಕಿದರು. ಅಜ್ಜಿಗೆ ಬಂದದ್ದೇನು ಎಂದು ಯಾರೂ ಕೇಳಲಿಲ್ಲ.

ಈ ಕಾದಂಬರಿಕಾರರಿಗೆ ಹಡಗಿನ ಮೇಲೆ ಬಹಳ ಪ್ರೀತಿ. ಹಡಗು, ಮಂಜು, ದೂರದಲ್ಲಿ ಕಾಣುವ ಊರು, ಇದಕ್ಕೆ ನಲವತ್ತು ಪುಟ. ಒಂದೇ ಕೋಣೆಯಲ್ಲಿ ಎಂಟು ಜನ ಇದ್ದಾಗ ನೀರು ಯಾರು ಹೊತ್ತರು, ಕಕ್ಕಸಿಗೆ ಎಷ್ಟು ಹೊತ್ತು ಸಾಲು ನಿಂತರು ಎಂಬುದಕ್ಕೆ ಅರ್ಧ ವಾಕ್ಯ. ಬಡವರೆಲ್ಲ ಸಂತರು. ಒಬ್ಬರ ಹಗ್ಗದ ಮೇಲೆ ಇನ್ನೊಬ್ಬರು ಬಟ್ಟೆ ಹಾಕಿದರೂ ಜಗಳವಿಲ್ಲ. ನಾನು ಇಪ್ಪತ್ತು ವರ್ಷದಿಂದ ಪರದೇಶದಲ್ಲಿದ್ದೇನೆ, ಹಗ್ಗಕ್ಕೆ ಜಗಳವಾಗದ ಮನೆ ನೋಡಿಲ್ಲ. ಹಾಗೆಯೇ ಹುಡುಕಿದರೂ ಸಿಗದ ಇನ್ನೊಂದು ಸಂಗತಿ ಕಾಯುವುದು. ಅಧಿಕಾರಿಯ ಮುಂದೆ ನಿಲ್ಲುತ್ತಾರೆ, ಪುಟ ತಿರುಗಿಸಿದರೆ ಬಾಗಿಲು ತೆರೆದಿರುತ್ತದೆ. ತೆರೆಯುತ್ತದೋ ಇಲ್ಲವೋ ಎಂದು ಅಕ್ಕಿ ತೊಳೆಯುತ್ತ, ಮಗುವಿನ ಜಡೆ ಹೆಣೆಯುತ್ತ ಕಳೆಯುವ ದಿನಗಳನ್ನು ಬರೆಯಲು ಅವರಿಗೆ ಪುರಸೊತ್ತಿಲ್ಲ.

ಒಂದು ಮಾತು ಮಾತ್ರ ನಂಬುವಂತಿತ್ತು. ಮೂರನೆಯ ಪುಸ್ತಕದ ತಾಯಿ ತನ್ನ ಧರ್ಮಕ್ಕೆ ಆಗದ ಹಡಗಿನ ಮಾಂಸ ಮುಟ್ಟದೆ, ದಾರಿಯುದ್ದಕ್ಕೂ ಒಣರೊಟ್ಟಿ, ಉಪ್ಪುಮೀನು, ನೀರುಳ್ಳಿಯಲ್ಲೇ ದಿನ ನೂಕುತ್ತಾಳೆ. ಕೆಳಮನೆಯ ತಂಗಿಗೆ ಅದು ಬಹಳ ಹಿಡಿಸಿತ್ತು. "ನಮ್ಮ ಹಾಗೆಯೇ ಅಲ್ವಾ ಅಕ್ಕ," ಎಂದಿದ್ದಳು. ಬಳಗದ ಕಾರ್ಯದರ್ಶಿಗೆ ಬೇರೆ ಚಿಂತೆ. ಆಕೆ ನಮ್ಮವಳೇ, ಮಂಗಳೂರಿನ ಕೊಂಕಣಿಯವಳು. ಈ ದೇಶದಲ್ಲಿ ಕೂತು ಯಹೂದಿಗಳ ಪುಸ್ತಕ ಓದಿದರೆ ಯಾರಾದರೂ ಏನಾದರೂ ಅಂದಾರೇ ಎಂದು ನನ್ನ ಕಿವಿಯಲ್ಲಿ ಕೇಳಿದಳು. "ನೀನು ದಿನಾ ಜಪಸರ ಹಿಡಿದು ಕರೀತೀಯಲ್ಲ, ಆ ಅಮ್ಮ ಯಾರ ಮನೆಯವಳು ಅಂತ ಎಣಿಸಿದ್ದಿ? ಮಂಗಳೂರಿನವಳಾ?" ಎಂದೆ. ಆ ಮರಿಯ ಅಮ್ಮನೂ ಯಹೂದಿಯೇ, ಮಗುವನ್ನು ಎದೆಗವಚಿಕೊಂಡು ಈಜಿಪ್ಟಿಗೆ ಓಡಿದವಳು. ಅವಳ ಕಥೆಗೆ ನಾಲ್ಕು ಸಾಲು ಸಾಕಾಯಿತು, ದೀಪದ ಕಂಬ ಬೇಕಾಗಲಿಲ್ಲ.

ಬಳಗದಲ್ಲಿ ಗಟ್ಟಿಯಾಗಿ ಓದುವ ಕೆಲಸ ಕೆಳಮನೆಯ ತಂಗಿಯದು. ಕನ್ನಡ ಶಾಲೆಯಲ್ಲಿ ಕಲಿತವಳು, ಅಕ್ಷರ ನುಂಗುವುದಿಲ್ಲ. ಆ ಮೂರನೆಯ ಪುಸ್ತಕದಲ್ಲಿ ಬಂದರಿನ ಡಾಕ್ಟರು ಬಂದವರನ್ನೆಲ್ಲ ಸಾಲಾಗಿ ನಿಲ್ಲಿಸಿ, ರೋಗವಿರಬಹುದು ಎಂದು ಕಂಡವರ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ. ಗುರುತು ಬಿದ್ದವರನ್ನು ತಡೆದು ನಿಲ್ಲಿಸುತ್ತಾರೆ. ತಾಯಿಯ ಸಣ್ಣ ಮಗನ ಭುಜದ ಮೇಲೆ ಗುರುತು ಬೀಳುತ್ತದೆ. ಆಕೆ ಹುಡುಗನನ್ನು ಗಟ್ಟಿಯಾಗಿ ತಬ್ಬಿ, ಸುಣ್ಣವನ್ನೆಲ್ಲ ತನ್ನ ಕಪ್ಪು ಶಾಲಿಗೆ ಒರೆಸಿಕೊಂಡು ಮುಂದೆ ದೂಡುತ್ತಾಳೆ. ತಂಗಿ ಅದನ್ನು ಓದಿದಾಗ ಟಿಶ್ಯೂ ಪೆಟ್ಟಿಗೆ ಇಡೀ ಕೋಣೆ ಸುತ್ತಿತು. ಕಾರ್ಯದರ್ಶಿ ಮೂಗು ಸೀಟಿದಳು. ಅಧ್ಯಕ್ಷೆ ಎದ್ದು ಬಂದು ತಂಗಿಯನ್ನು ಅಪ್ಪಿಕೊಂಡರು. "ನಿಮ್ಮ ವಾಯ್ಸಲ್ಲಿ ಏನೋ ಇದೆ ಕಣ್ರೀ. ಒಂದು ಬಿಳಿ ಗೀಟು, ಅಷ್ಟೇ! ಮನುಷ್ಯರು ಮನುಷ್ಯರಿಗೆ ಹೀಗೆ ಮಾಡ್ತಾರಲ್ಲಾ!"

ಮುಂದಿನ ಅಧ್ಯಾಯಕ್ಕೆ ತಂಗಿ ಕೈಹಾಕಿದಾಗ, "ಅದು ಸ್ವಲ್ಪ ಬೋರು, ಬಿಟ್ಟುಬಿಡಿ" ಎಂದರು. ಬಿಟ್ಟೆವು. ಚಹಾ ಬಂತು.

ಬಂಗುಡೆಯ ದಿನ ಬಂದದ್ದು ಇದಾಗಿ ಎರಡು ವಾರಕ್ಕೆ.

ತಪ್ಪು ಮಾಡಿದ್ದು ನಾನು. ಬುಧವಾರ ಸಂಜೆ ನಮ್ಮ ಕಡೆಯ ಕುಟುಂಬಗಳು ಒಂದೊಂದು ವಾರ ಒಂದೊಂದು ಮನೆಯಲ್ಲಿ ಕೂಡಿ ಜಪಸರ ಹೇಳುತ್ತೇವೆ. ಮುಗಿದ ಮೇಲೆ ಒಬ್ಬೊಬ್ಬರೂ ತಮ್ಮ ಬಿನ್ನಹ ಬಾಯಿಬಿಟ್ಟು ಹೇಳಬೇಕು, ಎಲ್ಲರೂ ಅದಕ್ಕಾಗಿ ಪ್ರಾರ್ಥಿಸಬೇಕು. ಮಗನ ಪರೀಕ್ಷೆ, ಗಂಡನ ಸಕ್ಕರೆ, ಊರಿನ ಅಮ್ಮನ ಮಂಡಿ, ಹೀಗೆ. ನನ್ನ ಸರದಿ ಬಂದಾಗ, "ನಮ್ಮ ಕೆಳಮನೆಯ ತಂಗಿಯ ಎದೆಯ ಎಕ್ಸ್‌ರೇ ಪುನಃ ತೆಗೆಯಬೇಕಂತೆ, ಒಳ್ಳೆಯದಾಗಲಿ ಅಂತ" ಎಂದುಬಿಟ್ಟೆ. ಹೆಸರು ಹೇಳಲಿಲ್ಲ ಎಂಬ ಸಮಾಧಾನ ಬೇರೆ! ನಮ್ಮ ಮನೆಗೆ ಇರುವುದೇ ಒಂದು ಕೆಳಮನೆ. ಇಪ್ಪತ್ತು ಜನ ಒಂದೇ ಉಸಿರಿನಲ್ಲಿ 'ನಮೋ ಮರಿಯೆ' ಹೇಳಿದರು. ಕಾರ್ಯದರ್ಶಿಯೂ ಕಣ್ಣುಮುಚ್ಚಿ ಹೇಳಿದಳು. ಕಣ್ಣು ತೆರೆದು ಮಾಡಿದ ಮೊದಲ ಕೆಲಸ ಅಜೈಬಾಕ್ಕೆ ಫೋನ್.

ಅದರ ಹಿಂದಿನ ವಾರ ತಂಗಿ ಕಾರ್ಯದರ್ಶಿಯ ಮನೆಗೆ ಡಬ್ಬಿ ತುಂಬ ನೈಪತ್ತಿರ್, ಅವರ ಕಡೆಯ ಕರಿದ ಅಕ್ಕಿರೊಟ್ಟಿ, ಕಳಿಸಿದ್ದಳು. ನಮ್ಮ ಕಡೆ ಬಂದ ಡಬ್ಬಿಯನ್ನು ಯಾರೂ ಬರಿದಾಗಿ ಹಿಂದೆ ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಎರಡು ಬಾಳೆಹಣ್ಣು, ಅದೂ ಇಲ್ಲದಿದ್ದರೆ ಒಂದು ಮುಷ್ಟಿ ಸಕ್ಕರೆಯಾದರೂ ಹಾಕುತ್ತೇವೆ, ಬ್ಯಾರಿಗಳೂ ನಾವೂ. ಆ ಗುರುವಾರ ಡಬ್ಬಿ ಪ್ಲಾಸ್ಟಿಕ್ ಚೀಲದಲ್ಲಿ ನಮ್ಮ ಗೇಟಿಗೆ ನೇತಾಡುತ್ತಿತ್ತು. ಬೆಲ್ ಒತ್ತಿರಲಿಲ್ಲ. ತಂಗಿ ಅದನ್ನು ಮೇಲೆ ತಂದು ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದಳು. ಬರಿದು. ನೆಲ ಒರೆಸುವ ಫಿನಾಯಿಲಿನ ವಾಸನೆ.

"ಇದೆಂತ ಅಕ್ಕ? ಮತ್ತೆ ಅಜೈಬಾದ ಮೇಡಂ ಫೋನ್ ಮಾಡಿದ್ರು. ರೆಸ್ಟ್ ತಗೊಳ್ಳಿ, ಈ ತಿಂಗಳು ಓದೋದು ಬೇರೆಯವರು ನೋಡ್ಕೋತಾರೆ, ಕೆಲವರಿಗೆ ಚಿಕ್ಕ ಮಕ್ಕಳಿದ್ದಾರೆ ನೋಡಿ, ಅಂತ. ಅವರಿಗೆ ಹೇಳಿದ್ದು ಯಾರು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ, ಅಷ್ಟು ಕೃಪೆ ದೇವರು ಕೊಟ್ಟ. "ನಾನೇ ಮಾರಾಯ್ತಿ. ಪ್ರಾರ್ಥನೆಯಲ್ಲಿ ಹೇಳಿದೆ. ನಿನಗೆ ಒಳ್ಳೇದಾಗ್ಲಿ ಅಂತ."

ಅವಳು ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು.

"ದೇವರಿಗೆ ಕಿವಿ ಕೇಳ್ತದೆ ಅಕ್ಕ," ಎಂದಳು. "ಮೆಲ್ಲ ಹೇಳಿದ್ರೂ ಆಗ್ತಿತ್ತು."

ಬೇರೆಯವರ ಬಾಯಿಂದ ಕೇಳುವ ಮೊದಲು ಗಂಡನಿಗೆ ತಾನೇ ಹೇಳಬೇಕಾಯಿತು ಅವಳಿಗೆ. ಒಂಬತ್ತು ವರ್ಷದ ಹುಡುಗಿಯ ಕೆಮ್ಮನ್ನು ಮದುವೆಯಾಗಿ ಹತ್ತು ವರ್ಷಕ್ಕೆ ಹೇಳುವುದೆಂದರೆ! "ಅವರು ಚಾ ಕುಡಿಯದೆ ಅಂಗಡಿಗೆ ಹೋದ್ರು" ಎಂದಳು ಮರುದಿನ. ಮೂರು ದಿನ ಅವನು ಹಾಗೆಯೇ ಹೋದ. ನಾಲ್ಕನೆಯ ದಿನ ಕಫದ ಕೊನೆಯ ಡಬ್ಬಿ ಕೊಡಲು ತಾನೇ ಅಂಗಡಿ ಮುಚ್ಚಿ ಕರೆದುಕೊಂಡು ಹೋದದ್ದನ್ನು ಮೇಲಿನಿಂದ ನೋಡಿ ನಾನು ಶಿಲುಬೆಯ ಗುರುತು ಹಾಕಿಕೊಂಡೆ. ಗಟ್ಟಿಯಾಗಿ ಏನೂ ಹೇಳಲಿಲ್ಲ.

ರೋಗಕ್ಕೆ ಹೆದರುವುದು ತಪ್ಪೆಂದು ನಾನು ಹೇಳುವುದಿಲ್ಲ. ಮಕ್ಕಳಿರುವ ಮನೆ, ಹೆದರಲಿ. ರಿಸಲ್ಟ್ ಬರುವ ತನಕ ಒಟ್ಟಿಗೆ ಕೂರುವುದು ಬೇಡ ಎಂದು ನೇರ ಹೇಳಲಿ. ಆದರೆ ಹೆದರಿದವರು ಫೋನಿನಲ್ಲಿ ಒಂದು ಸಲ 'ಊಟ ಮಾಡಿದೆಯಾ' ಎಂದು ಕೇಳಬಹುದಲ್ಲ. ಫೋನಿನೊಳಗಿಂದ ಕ್ಷಯ ಬರುವುದಿಲ್ಲ. ನೂರು ವರ್ಷದ ಹಿಂದಿನ, ಇದ್ದನೋ ಇಲ್ಲವೋ ಗೊತ್ತಿಲ್ಲದ ಹುಡುಗನ ಕೋಟಿನ ಗುರುತಿಗೆ ಒಂದು ಪೆಟ್ಟಿಗೆ ಟಿಶ್ಯೂ ಖಾಲಿ ಮಾಡಿದವರು ಇವರು. ಅದನ್ನು ಓದಿ ಅಳಿಸಿದವಳ ಎದೆಯಲ್ಲೇ ಗುರುತು ಬಿದ್ದಾಗ ಹತ್ತು ಹನ್ನೆರಡು ಜನರಲ್ಲಿ ಒಬ್ಬರೂ ಅವಳ ನಂಬರ್ ಒತ್ತಲಿಲ್ಲ. ಪುಸ್ತಕದ ಮೇಲೆ ನನಗೆ ಸಿಟ್ಟು ಬಂದದ್ದು ಆಗ. ಎಂಥ ಸುಲಭದ ಅಳು ಮಾರುತ್ತವೆ ಇವು! ಬಂದರಿನಲ್ಲಿ ನಿಂತವಳನ್ನು ಓದುವವರೆಲ್ಲ ತಾವು ಆ ತಾಯಿಯೇ ಎಂದುಕೊಳ್ಳುತ್ತಾರೆ. ಸುಣ್ಣದ ತುಂಡು ಹಿಡಿದವನು ತಾನೆಂದು ಯಾವ ಓದುಗನಿಗೂ ಅನಿಸುವುದಿಲ್ಲ. ಅನಿಸುವ ಹಾಗೆ ಬರೆದರೆ ಪುಸ್ತಕ ಹೋಗುವುದಿಲ್ಲ, ಅಷ್ಟೇ.

ಹೀಗೆ ಬೈದುಕೊಳ್ಳುತ್ತ, ಬಳಗದಲ್ಲಿ ಬಿಟ್ಟಿದ್ದ, ಮನೆಯಲ್ಲಿ ನಾನೂ ಪುಟ ಹಾರಿಸಿದ್ದ ಆ ಅಧ್ಯಾಯವನ್ನು ಒಂದು ಮಧ್ಯಾಹ್ನ ಕುಕ್ಕರಿನ ಸೀಟಿ ಲೆಕ್ಕ ಹಾಕುತ್ತ ಓದಿದೆ. ಓದಿ, ಕಾದಂಬರಿಕಾರನಿಗೆ ಬೈದದ್ದರಲ್ಲಿ ಸ್ವಲ್ಪ ವಾಪಸ್ ತೆಗೆದುಕೊಂಡೆ.

ಆ ತಿಂಗಳು ಬಳಗ ಸೇರುವ ಶುಕ್ರವಾರ ನಾನೊಬ್ಬಳೇ ಅಜೈಬಾಕ್ಕೆ ಹೋದೆ. "ಬೇಡದ ಉಸಾಬರಿ ನಿನಗೆ" ಎಂದು ಕಾರಿನಲ್ಲಿ ಬಿಡುವಾಗ ಗಂಡ ಹೇಳಿದರು. ಈಗಾಗಲೇ ಮಾಡಿದ ಉಸಾಬರಿಯನ್ನು ನೆಟ್ಟಗೆ ಮಾಡಲು ಎಂದೆ. ಇವತ್ತು ಯಾರು ಓದುತ್ತೀರಿ ಎಂದು ಅಧ್ಯಕ್ಷೆ ಕೇಳಿದಾಗ ಕೈ ಎತ್ತಿದೆ. ನನ್ನ ಓದು ಅವರಿಗೆ ಗೊತ್ತು, ಬೆರಳಿಟ್ಟು ಓದುವವಳು. ಆದರೂ ಬೇಡ ಎನ್ನುವುದು ಹೇಗೆ?

ಬಿಟ್ಟ ಅಧ್ಯಾಯದಲ್ಲಿ ಇದ್ದದ್ದು ಇಷ್ಟು. ಅದೇ ಊರಿನಲ್ಲಿ ಅದೇ ಧರ್ಮದ ಹೆಂಗಸರು, ನಲವತ್ತು ವರ್ಷ ಮೊದಲೇ ಬಂದು ಚೆನ್ನಾಗಿ ತಳವೂರಿದವರು, ಇರುತ್ತಾರೆ. ಹೊಸದಾಗಿ ಹಡಗಿಳಿದ ಈ ಬಡವರಿಂದ ತಮ್ಮ ಮರ್ಯಾದೆ ಹೋಗುತ್ತದೆಂದು ಅವರಿಗೆ ಸಂಕಟ. ಒಂದು ಸಮಿತಿ ಮಾಡಿಕೊಂಡು ಗಾಡಿಯಲ್ಲಿ ಬಂದು ಮೂಗಿಗೆ ಅತ್ತರಿನ ಕರವಸ್ತ್ರ ಹಿಡಿದು ಮೆಟ್ಟಿಲು ಹತ್ತುತ್ತಾರೆ. ಮಕ್ಕಳನ್ನು ಮೀಯಿಸುವುದು ಹೇಗೆಂದು ಆ ತಾಯಿಗೆ ಕಲಿಸುತ್ತಾರೆ, ಸೋಪು ಕೊಡುತ್ತಾರೆ. ಆಕೆ ಇದ್ದ ಒಂದೇ ಗಾಜಿನ ಲೋಟದಲ್ಲಿ ಚಹಾ ಕೊಟ್ಟರೆ ಯಾರೂ ಮುಟ್ಟುವುದಿಲ್ಲ. ಅವರಲ್ಲೊಬ್ಬಳು, ಎಲ್ಲರಿಗಿಂತ ಭಕ್ತೆ, ಚಿಕ್ಕ ಪುಸ್ತಕ ತೆಗೆದು 'ಈ ಕೋಣೆಯಲ್ಲಿ ಕೆಮ್ಮುವವರು ಇಬ್ಬರು' ಎಂದು ಬರೆದುಕೊಳ್ಳುತ್ತಾಳೆ. ಮನೆಗೆ ಹೋಗಿ ಕೈಗವಸು ತೊಳೆಯಲು ಹಾಕುತ್ತಾರೆ.

ತಡವರಿಸುತ್ತ, ಬೆರಳು ಸರಿಸುತ್ತ, ಒಂದು ಸಾಲೂ ಬಿಡದೆ ಓದಿದೆ. ಟಿಶ್ಯೂ ಪೆಟ್ಟಿಗೆ ಇದ್ದಲ್ಲೇ ಇತ್ತು.

"ತುಂಬಾ ಲೆಂಗ್ತಿ ಆಯ್ತು ಅಲ್ವಾ?" ಎಂದರು ಅಧ್ಯಕ್ಷೆ, ಚಹಾದ ಟ್ರೇ ನೋಡುತ್ತ. "ಈ ಭಾಗದಲ್ಲಿ ಅನುವಾದ ಕೂಡ ಅಷ್ಟೊಂದು ಸರಿ ಬಂದಿಲ್ಲ."

ಕಾರ್ಯದರ್ಶಿಗೆ ತಡೆಯಲಾಗಲಿಲ್ಲ. "ನಾವೆಂತ ಹಾಗೆ ಮಾಡಿದ್ದೇವಾ? ಸುಮ್ಮನೆ ಯಾಕೆ ಚುಚ್ಚುದು ನೀವು?"

"ನಾನು ಎಂತದೂ ಹೇಳ್ಲಿಲ್ಲ. ಅಚ್ಚಾದದ್ದನ್ನು ಓದಿದೆ. ಮತ್ತೆ ಆ ಬರ್ಕೊಂಡವಳು ಉಂಟಲ್ಲ, ಅದು ನಾನು. ನೀನು ಯಾರು ಅಂತ ನೀನೇ ನೋಡಿಕೋ. ಡಬ್ಬಿಯ ವಾಸನೆ ಇನ್ನೂ ಹೋಗ್ಲಿಲ್ಲ."

ಕೆಲವರು ಫೋನ್ ನೋಡಿದರು. ಒಬ್ಬಾಕೆ ಸಮೋಸ ಬಿಸಿಯಿದೆ ಎಂದಳು. ಎಲ್ಲರೂ ಸಮೋಸದ ಬಗ್ಗೆ ಮಾತಾಡಿದರು, ಪುದೀನ ಚಟ್ನಿ ಒಳ್ಳೆಯದಾಗಿದೆ ಎಂದರು. ಓದಿಕೊಂಡ ಹೆಂಗಸರು ಹೀಗೆ. ಇರುವೆ ಕಚ್ಚಿದರೂ ಕಾಲು ಕೊಡಹುವುದಿಲ್ಲ, ಸೀರೆ ಸರಿ ಮಾಡಿಕೊಳ್ಳುತ್ತಾರೆ.

ಮತ್ತೆ ಹತ್ತು ದಿನ ಫೋನ್ ಬರಲಿಲ್ಲ. ತಂಗಿ ನನ್ನೊಡನೆ ಬೇಕಾದಷ್ಟೇ ಮಾತಾಡಿದಳು. ಹಗ್ಗದ ಮೇಲೆ ನನ್ನ ಬಟ್ಟೆಗೆ ಜಾಗ ಬಿಟ್ಟು ಹಾಕಿದಳು, ಮೊದಲಿಗಿಂತ ಹೆಚ್ಚು ಜಾಗ, ಅದೇ ನನಗೆ ಚುಚ್ಚುತ್ತಿತ್ತು. ಒಂದು ಸಂಜೆ ಮಗಳ ಯೂನಿಫಾರ್ಮ್ ತೆಗೆಯುತ್ತ ಕೇಳಿದಳು, ಸ್ಕೂಲಿನಿಂದ ಟಿಸಿ ತೆಗೆಯಲು ಎಷ್ಟು ದಿನ ಬೇಕು ಎಂದು. ಗೊತ್ತಿಲ್ಲ ಎಂದೆ. ಗೊತ್ತಿತ್ತು.

ಫೋನ್ ಬಂದದ್ದು ಒಂದು ಸೋಮವಾರ ಹನ್ನೊಂದು ಗಂಟೆಗೆ. ಅಂಗಳದಿಂದಲೇ ಕೂಗಿದಳು. "ಅಕ್ಕ! ಕ್ಲಿಯರ್ ಅಂತೆ! ಹಳೇ ಗಾಯದ ಕಲೆ ಅಂತೆ, ಬೇರೆ ಎಂತದೂ ಇಲ್ಲ. ಖಲಾಸ್!" ನಾನು ಚಪ್ಪಲಿ ಹಾಕದೆ ಇಳಿದೆ. ಅಂಗಳ ಕಾವಲಿಯಂತೆ ಕಾದಿತ್ತು. ಇಬ್ಬರೂ ಒಂದು ಕಾಲು ಎತ್ತಿ ಒಂದು ಕಾಲು ಇಳಿಸುತ್ತ ಕೈ ಹಿಡಿದುಕೊಂಡು ನಿಂತೆವು. ಅವಳು ಅತ್ತಳು, ನಾನೂ. ಬರ್ಕಾಕ್ಕೆ ಫೋನ್ ಹಚ್ಚಿದರೆ ಅವನು ಆ ಕಡೆಯಿಂದ ಗಿರಾಕಿಗೆ 'ಒಂದು ನಿಮಿಷ' ಎಂದದ್ದು ಮಾತ್ರ ಕೇಳಿಸಿತು.

ಸುದ್ದಿ ಅಜೈಬಾಕ್ಕೆ ಹೋಗಲು ನಾನು ಬೇಕಾಗಲಿಲ್ಲ. ಸಂಜೆಯೊಳಗೆ ಅಧ್ಯಕ್ಷೆಯ ಡ್ರೈವರ್ ಬಂದು ಒಂದು ಕೇಕು ಕೊಟ್ಟು ಹೋದ. ಮೇಲೊಂದು ಕಾರ್ಡು: 'ನಮ್ಮ ಪ್ರೀತಿಯ ಧ್ವನಿಗೆ.' ತಂಗಿ ಕೇಕು ಕತ್ತರಿಸಿ ನನ್ನ ಪಾಲು ಮೇಲೆ ತಂದಳು.

"ಇದನ್ನು ತಿನ್ಲಿಕ್ಕೆ ಉಂಟಾ? ಹಿಂದೆ ಕಳಿಸು ಮಾರಾಯ್ತಿ. ನೀನು ಪುನಃ ಹೋಗಿ ಓದ್ತೀಯಾ ಅವರಿಗೆ?"

"ಓದ್ತೇನೆ. ಮೇಡಂಗೆ ಹೇಳಿದೆ, ಇನ್ನು ಮುಂದೆ ಪುಟ ಬಿಡುವುದಿದ್ರೆ ನನ್ನನ್ನು ಕರೀಬೇಡಿ ಅಂತ. ಹ್ಞೂಂ ಅಂದ್ರು."

"ಅಷ್ಟೆಯಾ? ಸಿಟ್ಟು ಬರುದಿಲ್ವಾ ನಿನಗೆ?"

"ಬರ್ತದೆ. ನಿಮ್ಮ ಮೇಲೆ ಬರುವಷ್ಟು ಬರುದಿಲ್ಲ," ಎಂದು ನಕ್ಕಳು, ಸ್ವಲ್ಪವೇ. "ಇನ್ನು ಎರಡು ವರ್ಷ ಸಿಕ್ಕಿತು ಅಕ್ಕ. ಅದನ್ನು ಇವರ ನಡುವೆಯೇ ಕಳೀಬೇಕಲ್ವಾ? ಬೇರೆ ಜನ ಎಲ್ಲಿಂದ ತರುದು?"

ಅವಳ ಆ ದೊಡ್ಡತನ ನನಗಿಲ್ಲ. ಕ್ಷಮಿಸಬೇಕೆಂದು ದಿನಾ ಪ್ರಾರ್ಥನೆಯಲ್ಲಿ ಹೇಳುತ್ತೇನೆ, ಅಧ್ಯಕ್ಷೆಯ ಮುಖ ಕಂಡರೆ ನಾಲಿಗೆ ಕಹಿಯಾಗುತ್ತದೆ. ಕನ್ನಡಿಯ ಮುಂದೆಯೂ ಕೆಲವು ದಿನ ಹಾಗೆಯೇ. ಕೇಕು ತಿಂದೆ. ಒಳ್ಳೆಯದಿತ್ತು, ಅದಕ್ಕೂ ಸಿಟ್ಟು ಬಂತು. ಆದರೆ ಕೆಳಗೆ ಮಗು ಹೋಮ್‌ವರ್ಕ್ ಬೇಡವೆಂದು ಅರಚುತ್ತಿತ್ತು, ತಂಗಿ ಗದರಿಸುತ್ತ ಮೆಟ್ಟಿಲಿಳಿದಳು. ಆ ಗದರಿಕೆ ಇನ್ನೆರಡು ವರ್ಷ ಇಲ್ಲೇ ಕೇಳಿಸುತ್ತದಲ್ಲ, ಅಷ್ಟು ಸಾಕು ಎಂದುಕೊಂಡೆ.

ಎಸಿಯ ಜಾಲರಿಗೆ ಧೂಳು ಕಟ್ಟಿ ಎರಡು ದಿನದಿಂದ ಗಾಳಿ ಸರಿಯಾಗಿ ಬರುತ್ತಿರಲಿಲ್ಲ. ಸ್ಟೂಲು ಹತ್ತಿ ಅದನ್ನು ಬಿಚ್ಚಿ, ಬಚ್ಚಲಿಗೆ ಒಯ್ದು, ನಲ್ಲಿ ತಿರುಗಿಸಿದೆ.